ಮಗುವಿನಿಂದ ಮುಪ್ಪಿನವರೆಗೆ ಸಭೆಯಲ್ಲಿ ಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬರೀ ಕೊಡುವವರು, ಬರೀ ಪಡೆಯುವವರು ಎಂಬ ಎರಡು ಗುಂಪು ಇರಬಾರದು. ನಾಲ್ಕು ವರ್ಷದ ಮಗುವಿಗೂ ಒಂದು ಕೆಲಸವಿದೆ, ಹಾಸಿಗೆ ಹಿಡಿದ ಅಜ್ಜಿಗೂ ಇದೆ. ಶಕ್ತಿ ಬದಲಾದ ಹಾಗೆ ಕೆಲಸವನ್ನೂ ಬದಲಾಯಿಸಿಕೊಡುವುದು ಸಭೆಯ ಹೊಣೆ. ಆ ಹೊಣೆ ಹೊತ್ತವರಿಗೂ ಹೊಸದಾಗಿ ಕೈಜೋಡಿಸುವವರಿಗೂ ಈ ಉತ್ತರಗಳು.

ಸೇವೆ ಎಂದರೆ ಸಭಾಪಾಲಕರ (ಪಾಸ್ಟರ್) ಕೆಲಸವಲ್ಲವೇ? ನಾವೇಕೆ ಮಾಡಬೇಕು?

ಪ್ರತಿಯೊಬ್ಬರೂ ತಾವು ಪಡೆದ ವರದಿಂದ ಒಬ್ಬರಿಗೊಬ್ಬರು ಸೇವೆ ಮಾಡಬೇಕೆಂದು ಯೇಸುವಿನ ಶಿಷ್ಯ ಪೇತ್ರನು ಬೈಬಲಿನ ತನ್ನ ಪತ್ರದಲ್ಲಿ ಬರೆದದ್ದು (1 ಪೇತ್ರ 4:10) ಇಡೀ ಸಭೆಗೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ಸಿಗುತ್ತಿಲ್ಲ ಎಂಬ ದೂರು ಎದ್ದಿತು. ಅಪೊಸ್ತಲರು, ಅಂದರೆ ಯೇಸು ಆರಿಸಿದ ಮುಖ್ಯ ಶಿಷ್ಯರು, ಅದನ್ನು ಚಿಲ್ಲರೆ ವಿಷಯವೆಂದು ತಳ್ಳಿಹಾಕಲಿಲ್ಲ, ತಾವೇ ಬಡಿಸಲೂ ಹೋಗಲಿಲ್ಲ. ಒಳ್ಳೆಯ ಹೆಸರಿರುವ ಏಳು ಜನರನ್ನು ನೀವೇ ಆರಿಸಿಕೊಳ್ಳಿ ಎಂದು ಸಭೆಗೇ ಹೇಳಿದರು. ಊಟ ಹಂಚುವ ಆ ಕೆಲಸಕ್ಕೆ ಪ್ರಾರ್ಥನೆ ಮಾಡಿ, ತಲೆಯ ಮೇಲೆ ಕೈಯಿಟ್ಟು ನೇಮಿಸಿದರು. ಇಂದಿಗೂ ಕುರ್ಚಿ ಜೋಡಿಸುವವರನ್ನು, ಪಾತ್ರೆ ತೊಳೆಯುವವರನ್ನು ಅಷ್ಟೇ ಗೌರವದಿಂದ ನೇಮಿಸಬೇಕು.

ಮಕ್ಕಳನ್ನು ಯಾವ ವಯಸ್ಸಿನಿಂದ ಸೇರಿಸಿಕೊಳ್ಳಬಹುದು? ಏನು ಕೆಲಸ ಕೊಡುವುದು?

ಮೂರು ವರ್ಷ ತುಂಬಿದ ಮೇಲೆ ಸೇರಿಸಿಕೊಳ್ಳಬಹುದು. ಆ ವಯಸ್ಸಿಗೆ ಒಂದು ಸಲಕ್ಕೆ ಒಂದೇ ಕೆಲಸ, ಐದರಿಂದ ಹತ್ತು ನಿಮಿಷ, ಪಕ್ಕದಲ್ಲಿ ಒಬ್ಬ ದೊಡ್ಡವರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹಾಡಿನ ಪುಸ್ತಕ ಕೊಡುವುದು, ಆರಾಧನೆ ಮುಗಿದ ಮೇಲೆ ಬಿದ್ದ ಕಾಗದ ಆರಿಸುವುದು ಇಂಥವು ಸಾಕು. ಆರರಿಂದ ಒಂಬತ್ತು ವರ್ಷದವರು ಇಬ್ಬಿಬ್ಬರಾಗಿ ಹಗುರವಾದ ಕುರ್ಚಿ ಜೋಡಿಸಬಲ್ಲರು, ಕಾಯಿಲೆಯವರಿಗೆ ಚಿತ್ರ ಬರೆದು ಕಳಿಸಬಲ್ಲರು. ಚಿತ್ರದ ಮೇಲೆ ಯಾರಿಗಾಗಿ ಬರೆದದ್ದೋ ಅವರ ಹೆಸರು ಇರಲಿ, ಇಲ್ಲವಾದರೆ ಮಗುವಿಗೆ ಅದು ಶಾಲೆಯ ಹೋಂವರ್ಕ್ ಆಗಿಬಿಡುತ್ತದೆ. ಬಿಸಿ ಪಾತ್ರೆ, ಗಾಜು, ಮೆಟ್ಟಿಲ ಮೇಲೆ ಹೊರುವ ಸಾಮಾನು ಮಕ್ಕಳಿಗೆ ಬೇಡ.

ಹತ್ತು ದಾಟಿದವರು ವೇದಪಾಠ ಓದಬಹುದು. ಭಾನುವಾರ ಬೆಳಿಗ್ಗೆ ಕೈಗೆ ಬೈಬಲ್ ತುರುಕಿ ಓದು ಎನ್ನಬೇಡಿ. ಭಾಗವನ್ನು ಬುಧವಾರದೊಳಗೆ ತಿಳಿಸಿ. ಕಷ್ಟದ ಹೆಸರುಗಳನ್ನು ಬಿಡಿಸಿ ಬರೆದುಕೊಟ್ಟು, ಒಮ್ಮೆ ಮೈಕಿನ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಿ. ಮೈಕ್ ಮಗುವಿನ ಎತ್ತರಕ್ಕೆ ಇಳಿದಿದೆಯೇ ನೋಡಿ. ಇದನ್ನು ಮರೆತು ಮಗು ಹಿಮ್ಮಡಿ ಎತ್ತಿ ನಿಂತು ಓದುವುದು ಎಷ್ಟೋ ಸಭೆಗಳಲ್ಲಿ ಕಾಣುವ ದೃಶ್ಯ.

ಇಲ್ಲಿ ಹೆಚ್ಚಾಗಿ ತಪ್ಪುವವರು ದೊಡ್ಡವರೇ. ಮಗು ಜೋಡಿಸಿದ ಸಾಲು ಸೊಟ್ಟಗಿದೆ ಎಂದು ಅದರ ಕಣ್ಣೆದುರೇ ಮತ್ತೆ ಜೋಡಿಸಿದರೆ, ನಿನ್ನ ಕೆಲಸ ಆಟಕ್ಕೆ ಮಾತ್ರ ಎಂದು ಹೇಳಿದಂತಾಗುತ್ತದೆ. ಸಾಲು ಸೊಟ್ಟಗೇ ಇರಲಿ. ಬಾಲಕ ಸಮುವೇಲನು ಯಾಜಕ ಏಲಿಯ ಕೈಕೆಳಗೆ ಇದ್ದಾಗ ದಿನವೂ ಬೆಳಿಗ್ಗೆ ಕರ್ತನ ಮಂದಿರದ ಬಾಗಿಲು ತೆರೆಯುವುದು ನಿಜವಾದ ಕೆಲಸವಾಗಿತ್ತು. ದೇವರ ಕರೆ ಕೇಳಿಸಿಕೊಂಡ ರಾತ್ರಿ ಕಳೆದ ಮರುಬೆಳಿಗ್ಗೆಯೂ ಅವನು ಎದ್ದು ಬಾಗಿಲು ತೆರೆದನು (1 ಸಮುವೇಲ 3:15).

ಹದಿಹರೆಯದವರು ಎರಡು ವಾರ ಬರುತ್ತಾರೆ, ಆಮೇಲೆ ಕಾಣುವುದೇ ಇಲ್ಲ. ಏನು ಮಾಡುವುದು?

ಅವರಿಗೆ ಏನು ಕೆಲಸ ಕೊಟ್ಟಿದ್ದೀರಿ ನೋಡಿ. ಮೇಜು ಹೊರು, ವೈರ್ ಸುತ್ತು, ಫೋಟೋ ತೆಗೆ ಎಂಬಷ್ಟೇ ಆದರೆ ಅವರು ನಿಲ್ಲುವುದಿಲ್ಲ. ನಿರ್ಧಾರ ಮಾಡುವ ಅಧಿಕಾರವಿರುವ ಒಂದು ಪೂರ್ತಿ ಕೆಲಸವನ್ನು ಒಪ್ಪಿಸಿ. ಸೌಂಡ್ ಸಿಸ್ಟಮ್ ಎಂದುಕೊಳ್ಳಿ. ಮೊದಲ ನಾಲ್ಕು ಭಾನುವಾರ ಪಕ್ಕದಲ್ಲಿ ಕುಳಿತು ನೋಡಲಿ, ಮುಂದಿನ ನಾಲ್ಕು ಭಾನುವಾರ ಅವರೇ ಮಾಡಲಿ, ಕಲಿಸಿದವರು ಪಕ್ಕದಲ್ಲಿರಲಿ. ಆಮೇಲೆ ಕಲಿಸಿದವರು ಎದ್ದು ಹೋಗಿ ಸಭೆಯಲ್ಲಿ ಕುಳಿತುಕೊಳ್ಳಬೇಕು. ಒಮ್ಮೆ ಮೈಕ್ ಕೂಗಿದರೆ ಯಾರೂ ತಿರುಗಿ ನೋಡಬಾರದೆಂದು ಸಭೆಗೂ ಹೇಳಿಡಿ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮದ ಮೂರನೆಯ ಅಧ್ಯಾಯದಲ್ಲಿ, ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಕೂಡಿಸಿ ಕೇಳಬೇಕು, ಉತ್ತಮವಾದದ್ದನ್ನು ಕರ್ತನು ಎಷ್ಟೋ ಸಲ ಕಿರಿಯರಿಗೇ ತೋರಿಸಿಕೊಡುತ್ತಾನೆ ಎನ್ನುತ್ತಾರೆ. ನಿಮ್ಮ ಕಮಿಟಿ ಸಭೆಯಲ್ಲಿ ಹದಿನೇಳು ವರ್ಷದ ಒಬ್ಬರಾದರೂ ಕುಳಿತು ಮಾತಾಡುತ್ತಾರೆಯೇ? ಪರೀಕ್ಷೆಯ ತಿಂಗಳಲ್ಲಿ ಅವರು ಕೇಳುವ ಮೊದಲೇ ರಜೆ ಕೊಡಿ. ಓದು ಮತ್ತು ಸಭೆಯ ನಡುವೆ ಒಂದನ್ನು ಆರಿಸು ಎಂಬ ಇಕ್ಕಟ್ಟು ಅವರಿಗೆ ಬರಬಾರದು.

ಮಕ್ಕಳ ಜೊತೆ ಸೇವೆ ಮಾಡುವವರಿಗೆ ಯಾವ ನಿಯಮಗಳು ಇರಲೇಬೇಕು?

ಈ ವಿಷಯದಲ್ಲಿ ಸಡಿಲಿಕೆಗೆ ಜಾಗವಿಲ್ಲ. ಯಾವ ಕೋಣೆಯಲ್ಲೂ ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಇರಬಾರದು. ಇಬ್ಬರು ಬೇಕು, ಆ ಇಬ್ಬರೂ ಒಂದೇ ಮನೆಯವರಾಗಿರಬಾರದು. ಬಾಗಿಲು ತೆರೆದಿರಲಿ, ಅಥವಾ ಒಳಗೆ ನಡೆಯುವುದು ಹೊರಗಿನಿಂದ ಕಾಣುವಂತೆ ಗಾಜಿರಲಿ. ಹೊಸಬರು ಸಭೆಗೆ ಬರಲು ಶುರುಮಾಡಿ ಕನಿಷ್ಠ ಆರು ತಿಂಗಳಾಗುವವರೆಗೆ ಮಕ್ಕಳ ಕೆಲಸಕ್ಕೆ ಬೇಡ. ಹಿಂದೆ ಇದ್ದ ಸಭೆಯಲ್ಲಿ ಅವರ ಬಗ್ಗೆ ವಿಚಾರಿಸಿ. ಮಗುವನ್ನು ಯಾರು ಬಿಟ್ಟರು, ಯಾರು ಕರೆದೊಯ್ದರು ಎಂಬುದಕ್ಕೆ ಪುಸ್ತಕವಿಟ್ಟು ಸಹಿ ಹಾಕಿಸಿ. ಹುಡುಗ ಹುಡುಗಿಯರಿಗೆ ಖಾಸಗಿಯಾಗಿ ಮೆಸೇಜ್ ಕಳಿಸುವುದು ಬೇಡ, ಅವರ ಪೋಷಕರೂ ಇರುವ ಗುಂಪಿನಲ್ಲೇ ಕಳಿಸಿ.

ಮಗು ಏನಾದರೂ ನೋವಿನ ಸಂಗತಿ ಹೇಳಿದರೆ ಅಡ್ಡ ಪ್ರಶ್ನೆ ಹಾಕದೆ ಕೇಳಿಸಿಕೊಳ್ಳಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟು, ಅದೇ ದಿನ ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿ. ಮೊದಲು ನಾವೇ ವಿಚಾರಿಸಿ ನೋಡೋಣ ಎನ್ನುವುದರಿಂದ ಸಾಕ್ಷ್ಯ ಹಾಳಾಗುತ್ತದೆ, ಮಗುವಿನ ಮೇಲೆ ಒತ್ತಡ ಬೀಳುತ್ತದೆ. ಸಭೆಯ ಮರ್ಯಾದೆ ಉಳಿಸಲು ಮುಚ್ಚಿಟ್ಟರೆ ಅದು ಆ ಮಗುವಿಗೆ ಮಾಡಿದ ಎರಡನೆಯ ಅನ್ಯಾಯ.

ಕೈಗೂಸಿದೆ, ರಾತ್ರಿ ನಿದ್ದೆಯಿಲ್ಲ. ಸಭೆಯಲ್ಲಿ ಏನೂ ಮಾಡಲಾಗುತ್ತಿಲ್ಲ ಎಂದು ಬೇಸರ.

ಮಗುವನ್ನು ಸಾಕುವುದೇ ಈಗ ನಿಮ್ಮ ಸೇವೆ. ತನ್ನ ಕಿರಿಯ ಜೊತೆಗೆಲಸಗಾರ ತಿಮೊಥೆಯನ ನಂಬಿಕೆಯ ಬೇರು ಹುಡುಕುವಾಗ ಅಪೊಸ್ತಲ ಪೌಲನು ಹೆಸರಿಸುವುದು ಅವನ ಅಜ್ಜಿ ಲೋವಿ ಮತ್ತು ತಾಯಿ ಯೂನೀಕೆಯನ್ನು (2 ತಿಮೊಥೆಯ 1:5). ಒಂದು ವರ್ಷ ಯಾವ ಪಟ್ಟಿಯಲ್ಲೂ ನಿಮ್ಮ ಹೆಸರು ಬೇಡವೆಂದು ಧೈರ್ಯವಾಗಿ ಹೇಳಿ. ಮನಸ್ಸಿದ್ದರೆ, ನಿಮ್ಮಂತೆಯೇ ಮನೆಯಲ್ಲಿರುವ ಇನ್ನೊಬ್ಬ ತಾಯಿಗೆ ವಾರಕ್ಕೊಮ್ಮೆ ಫೋನ್ ಮಾಡಿ. ತಂದೆಯಾದವರಿಗೂ ಇದೇ ಮಾತು: ಹೆಂಡತಿ ಮನೆಯಲ್ಲಿ ಒಬ್ಬಳೇ ಒದ್ದಾಡುವಾಗ ಸಭೆಯಲ್ಲಿ ಮೂರು ಜವಾಬ್ದಾರಿ ಹೊತ್ತು ತಿರುಗುವುದು ಸೇವೆಯಲ್ಲ.

ಹೆರಿಗೆಯಾದ ಅಥವಾ ಆಸ್ಪತ್ರೆಯಿಂದ ಬಂದ ಮನೆಗೆ ಊಟ ಕಳಿಸುತ್ತೇವೆ. ಆದರೂ ಪ್ರತಿ ಸಲ ಏನಾದರೂ ಎಡವಟ್ಟಾಗುತ್ತದೆ.

ಎಡವಟ್ಟಾಗುವುದು ಎಲ್ಲ ಕಡೆ ಒಂದೇ ರೀತಿ. ಮೊದಲ ವಾರ ದಿನಕ್ಕೆ ಮೂರು ಮನೆಯಿಂದ ಊಟ ಬಂದು ಹಳಸುತ್ತದೆ, ಮೂರನೆಯ ವಾರ ಯಾರೂ ಇರುವುದಿಲ್ಲ. ಒಬ್ಬರೇ ಸಂಯೋಜಕರಿರಲಿ. ಅವರು ಮನೆಯವರಲ್ಲಿ ಒಬ್ಬರನ್ನು, ಕಾಯಿಲೆಯವರನ್ನಲ್ಲ, ಕೇಳಿ ತಿಳಿದುಕೊಳ್ಳಬೇಕಾದದ್ದು ಇಷ್ಟು: ಎಷ್ಟು ಜನ, ಏನು ತಿನ್ನಬಾರದು, ಏನು ಒಗ್ಗುವುದಿಲ್ಲ, ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಬಾಗಿಲು ತೆರೆಯುವವರು ಯಾರು.

ದಿನವೂ ಬೇಡ, ದಿನ ಬಿಟ್ಟು ದಿನ ಕಳಿಸಿ, ನಡುವಿನ ದಿನ ಉಳಿದದ್ದು ಖರ್ಚಾಗುತ್ತದೆ. ವಾಪಸು ಕೊಡಬೇಕಾಗದ ಡಬ್ಬಿಯಲ್ಲೇ ಕಳಿಸಿ. ಯಾರ ಡಬ್ಬಿ ಯಾವುದು ಎಂದು ನೆನಪಿಟ್ಟುಕೊಳ್ಳುವುದೇ ಆ ಮನೆಗೆ ಇನ್ನೊಂದು ಭಾರ. ಮುಚ್ಚಳದ ಮೇಲೆ ಏನೆಂದು, ಯಾವ ದಿನ ಮಾಡಿದ್ದೆಂದು ಬರೆಯಿರಿ. ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇರಬಾರದು, ಆದ್ದರಿಂದ ಆರಾಧನೆಗೆ ಬರುವಾಗ ತಂದು ಮುಗಿದ ಮೇಲೆ ತಲುಪಿಸುವ ಲೆಕ್ಕ ಇಟ್ಟುಕೊಳ್ಳಬೇಡಿ. ಕೊಟ್ಟು ಐದು ನಿಮಿಷದಲ್ಲಿ ಹೊರಡಿ, ಮಗು ನೋಡುವುದು ಇನ್ನೊಂದು ದಿನ ಆಗಲಿ. ಎರಡು ವಾರಕ್ಕೆ ಮೊದಲ ಪಟ್ಟಿ ಮಾಡಿ, ಮುಗಿಯುವ ಮೊದಲೇ ಇನ್ನೂ ಬೇಕೇ ಎಂದು ಕೇಳಿ. ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನರನ್ನು ಎರಡನೆಯ ಸುತ್ತಿಗೆ ತೆಗೆದಿಡಿ.

ಎಲ್ಲ ಕೆಲಸವೂ ನಾಲ್ಕೇ ಜನರ ತಲೆಯ ಮೇಲೆ ಬೀಳುತ್ತಿದೆ. ಸರಿಪಡಿಸುವುದು ಹೇಗೆ?

ಬೆಳಿಗ್ಗೆಯಿಂದ ಸಂಜೆಯವರೆಗೆ ಇಸ್ರಾಯೇಲರ ನಾಯಕ ಮೋಶೆ ಒಬ್ಬನೇ ಕುಳಿತು ನ್ಯಾಯ ತೀರಿಸುವುದನ್ನು ಕಂಡ ಅವನ ಮಾವ ಇತ್ರೋ ಹೊಗಳಲಿಲ್ಲ. ನೀನು ಮಾಡುವುದು ಒಳ್ಳೆಯದಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದನು. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಮುಖ್ಯಸ್ಥರನ್ನು ನೇಮಿಸುವಂತೆ ಹೇಳಿಕೊಟ್ಟನು (ವಿಮೋಚನಕಾಂಡ 18). ಜನರೂ ದಣಿಯುತ್ತಾರೆ ಎಂಬ ಮಾತನ್ನು ನಾವು ಮರೆಯುತ್ತೇವೆ. ಒಬ್ಬರೇ ಎಲ್ಲ ಮಾಡಿದರೆ ಕಾಯುವವರಿಗೂ ಕಷ್ಟ.

ಒಂದು ತಿಂಗಳು ನಡೆಯುವ ಪ್ರತಿ ಕೆಲಸವನ್ನೂ ಬರೆಯಿರಿ. ಬೀಗ ತೆಗೆಯುವುದು, ನೀರು ತುಂಬಿಸುವುದು, ಶೌಚಾಲಯ ತೊಳೆಯುವುದು ಕೂಡ ಬರಲಿ. ಪಕ್ಕದಲ್ಲಿ ಮಾಡುವವರ ಹೆಸರು ಬರೆಯಿರಿ. ಎರಡಕ್ಕಿಂತ ಹೆಚ್ಚು ಕಡೆ ಬರುವ ಹೆಸರಿಗೆ ಸುತ್ತು ಹಾಕಿ: ಮೊದಲು ಹಗುರವಾಗಬೇಕಾದವರು ಅವರು. ಪ್ರತಿ ಕೆಲಸಕ್ಕೂ ಬದಲಿ ಒಬ್ಬರಿರಲಿ. ಬೀಗದ ಕೈ ಎಲ್ಲಿದೆ, ಯಾವುದರ ನಂತರ ಯಾವುದು, ಕೆಟ್ಟರೆ ಯಾರಿಗೆ ಹೇಳಬೇಕು ಎಂದು ಪ್ರತಿ ಕೆಲಸಕ್ಕೂ ಒಂದು ಹಾಳೆ ಬರೆದಿಡಿ. ಹೊಸಬರು ಹಿಂಜರಿಯಲು ಬಹುಪಾಲು ಕಾರಣ ಈ ಹಾಳೆ ಇಲ್ಲದಿರುವುದು.

ಯಾರಾದರೂ ಮುಂದೆ ಬನ್ನಿ ಎಂದು ವೇದಿಕೆಯಿಂದ ಕೂಗಿದರೆ ಮತ್ತೆ ಅದೇ ನಾಲ್ವರು ಏಳುತ್ತಾರೆ. ಒಬ್ಬೊಬ್ಬರನ್ನೇ ಕಂಡು, ಕೆಲಸದ ಹೆಸರು, ಬೇಕಾಗುವ ಹೊತ್ತು, ಮುಗಿಯುವ ತಿಂಗಳು ಹೇಳಿ ಕೇಳಿ. ಜೀವಮಾನಕ್ಕೆಲ್ಲ ಎಂದರೆ ಯಾರೂ ಒಪ್ಪುವುದಿಲ್ಲ, ಎರಡು ವರ್ಷಕ್ಕೆ ಎಂದರೆ ಒಪ್ಪುತ್ತಾರೆ. ಆದರೂ ಜನ ಸಿಗದಿದ್ದರೆ ಒಂದು ಕಾರ್ಯಕ್ರಮ ನಿಲ್ಲಿಸಿ.

ಸರದಿ ಪಟ್ಟಿ ಮಾಡಿದರೂ ಗೊಣಗಾಟ ನಿಲ್ಲುತ್ತಿಲ್ಲವಲ್ಲ?

ಬೆನೆಡಿಕ್ಟರ ನಿಯಮದ 35ನೇ ಅಧ್ಯಾಯ ಪೂರ್ತಿ ಅಡುಗೆಮನೆಯ ಸರದಿಯದು, ಈಗಲೂ ಕಲಿಯುವುದಕ್ಕಿದೆ. ಸರದಿ ಒಂದು ವಾರದ್ದು. ಶಕ್ತಿ ಕಡಿಮೆಯಿದ್ದವರಿಗೆ ಜೊತೆಗಾರರನ್ನು ಕೊಡಬೇಕು. ಸರದಿ ಮುಗಿಸುವವರು ಶನಿವಾರ ಎಲ್ಲ ತೊಳೆದು, ಬಟ್ಟೆ ಒಗೆದು, ಪಾತ್ರೆಗಳನ್ನು ಮುಕ್ಕಾಗದಂತೆ ಒಪ್ಪಿಸಬೇಕು. ಇನ್ನೊಂದು ಮಾತಿದೆ: ಊಟಕ್ಕೆ ಒಂದು ಗಂಟೆ ಮೊದಲು ಬಡಿಸುವವರಿಗೆ ರೊಟ್ಟಿಯನ್ನೂ ಪಾನೀಯವನ್ನೂ ಹೆಚ್ಚಿಗೆ ಕೊಡಬೇಕು, ಗೊಣಗದೆ, ಬಳಲದೆ ಸಹೋದರರಿಗೆ ಬಡಿಸುವಂತಾಗಲಿ ಎಂದು. ಗೊಣಗುವವರನ್ನು ಗದರುವ ಮೊದಲು ಅವರು ಹಸಿದಿದ್ದಾರೆಯೇ, ಒಬ್ಬರೇ ಇದ್ದಾರೆಯೇ, ಹಿಂದಿನವರು ಕೊಳಕು ಬಿಟ್ಟು ಹೋಗಿದ್ದಾರೆಯೇ ನೋಡಿ.

ಕಾಣಿಕೆ ಎಣಿಸುವ ಸೇವೆ ಕೊಟ್ಟಿದ್ದಾರೆ. ಏನು ಎಚ್ಚರಿಕೆ ಬೇಕು?

ಸಂಬಂಧಿಕರಲ್ಲದ ಇಬ್ಬರು, ಕಟ್ಟಡ ಬಿಟ್ಟು ಹೊರಡುವ ಮೊದಲೇ ಒಟ್ಟಿಗೆ ಎಣಿಸಿ, ಒಂದೇ ಹಾಳೆಯಲ್ಲಿ ಸಹಿ ಹಾಕಬೇಕು. ಎಣಿಸದ ಹಣ ಯಾರ ಮನೆಗೂ ಹೋಗಬಾರದು. ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನೇ ಜೊತೆಗೆ ಬೇರೆಯವರನ್ನು ಇಟ್ಟುಕೊಂಡನು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದು (2 ಕೊರಿಂಥ 8:20–21). ನಿಮ್ಮ ಮೇಲೆ ನಂಬಿಕೆ ಇಲ್ಲವೆಂದು ಈ ನಿಯಮ ಮಾಡಿದ್ದಲ್ಲ, ನಾಳೆ ಯಾರೂ ನಿಮ್ಮ ಮೇಲೆ ಬೆರಳು ತೋರಿಸದಿರಲಿ ಎಂದು.

ಕಾಯಿಲೆಯವರನ್ನು ನೋಡಲು ಹೋದಾಗ ಏನು ಮಾಡಬೇಕು, ಏನು ಮಾಡಬಾರದು?

ಮೊದಲು ಫೋನ್ ಮಾಡಿ ಕೇಳಿ. ನಿಮಗೆ ನೆಗಡಿ, ಜ್ವರ ಇದ್ದರೆ ಹೋಗಲೇಬೇಡಿ. ಒಳಗೆ ಹೋದ ಕೂಡಲೇ ಕೈ ತೊಳೆದುಕೊಳ್ಳಿ. ಹಾಸಿಗೆಯ ಮೇಲಲ್ಲ, ಕುರ್ಚಿಯ ಮೇಲೆ ಕುಳಿತುಕೊಳ್ಳಿ. ನಿಂತೇ ಮಾತಾಡಿದರೆ ಮಲಗಿದವರು ಕತ್ತೆತ್ತಿ ನೋಡಬೇಕಾಗುತ್ತದೆ. ಹದಿನೈದು ನಿಮಿಷ ಸಾಕು. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತಾಗ ಒಳ್ಳೆಯ ಗೆಳೆಯರೇ ಆಗಿದ್ದರು, ಕಷ್ಟಕ್ಕೆ ಕಾರಣ ವಿವರಿಸಲು ಹೊರಟಾಗ ಕೆಟ್ಟಿತು. ನಂಬಿಕೆ ಸಾಲದು, ಯಾವುದೋ ಪಾಪವಿರಬೇಕು ಎಂಬ ಮಾತು ಬಾಯಿಗೆ ಬರಲೇಬಾರದು. ಔಷಧಿ ನಿಲ್ಲಿಸಿ ಎಂಬ ಸಲಹೆಯಂತೂ ಜೀವಕ್ಕೇ ಅಪಾಯ.

ಏನಕ್ಕಾಗಿ ಪ್ರಾರ್ಥಿಸಲಿ ಎಂದು ಕೇಳಿ, ಅದಕ್ಕಾಗಿಯೇ ಎರಡು ನಿಮಿಷ ಪ್ರಾರ್ಥಿಸಿ. ಅಲ್ಲಿ ಕೇಳಿದ್ದು ಅಲ್ಲೇ ಇರಲಿ. ಒಪ್ಪಿಗೆ ಪಡೆಯದೆ ಪ್ರಾರ್ಥನಾ ಗುಂಪಿನಲ್ಲಿ ಕಾಯಿಲೆಯ ಹೆಸರು ಹಾಕುವುದು ಚಾಡಿಗೆ ಭಕ್ತಿಯ ಬಟ್ಟೆ ತೊಡಿಸಿದಂತೆ. ಹೊರಡುವಾಗ "ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ, ಯಾರೂ ಹೇಳುವುದಿಲ್ಲ. "ಗುರುವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ನಾನು ಕರೆದುಕೊಂಡು ಹೋಗಲೇ?" ಎಂದು ಕೇಳಿ.

ಗಾಲಿಕುರ್ಚಿಯಲ್ಲಿ ಇರುವವರನ್ನು ಆರಾಧನೆಗೆ ಕರೆತರುವವರು ಇದನ್ನು ಕಲಿತಿರಲಿ: ಕೂರಿಸುವ ಮತ್ತು ಏಳಿಸುವ ಮೊದಲು ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮೇಲೆತ್ತಿ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ಕಣ್ಣು ಕಾಣದವರನ್ನು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಳ್ಳುತ್ತಾರೆ.

ಸಾವಾದ ಮನೆಗೆ ಸಭೆ ಎಷ್ಟು ದಿನ ಜೊತೆಗಿರಬೇಕು?

ಕನಿಷ್ಠ ಒಂದು ವರ್ಷ. ಮೊದಲ ವಾರ ಮನೆ ತುಂಬ ಜನ, ಎರಡನೆಯ ತಿಂಗಳಿಗೆ ಮನೆ ಬರಿದು. ತೀರಿಕೊಂಡವರ ಹುಟ್ಟಿದ ದಿನ, ಮದುವೆಯ ದಿನ, ಕ್ರಿಸ್‌ಮಸ್, ತೀರಿಕೊಂಡ ದಿನ ಈ ನಾಲ್ಕನ್ನೂ ಬರೆದಿಟ್ಟು ಅಂದು ಯಾರಾದರೂ ಹೋಗಿ ಬನ್ನಿ. ಬ್ಯಾಂಕು, ಪಿಂಚಣಿಯ ಕಾಗದಪತ್ರ ಗೊತ್ತಿರುವವರು ಒಂದು ದಿನ ಕುಳಿತು ಸಹಾಯ ಮಾಡಿದರೆ ಹತ್ತು ಸಾಂತ್ವನದ ಮಾತಿಗಿಂತ ಹೆಚ್ಚು. ತೀರಿಕೊಂಡವರ ಹೆಸರು ಎತ್ತಲು ಹೆದರಬೇಡಿ.

ಹಿರಿಯರು ಜವಾಬ್ದಾರಿ ಬಿಟ್ಟುಕೊಡುತ್ತಿಲ್ಲ. ನೋಯಿಸದೆ ಹೇಳುವುದು ಹೇಗೆ?

ಇಸ್ರಾಯೇಲರಲ್ಲಿ ಆರಾಧನಾ ಗುಡಾರದ ಸೇವೆಗೆ ನೇಮಕವಾದ ಲೇವಿ ಕುಲದವರಿಗೆ ಕೊಟ್ಟ ನಿಯಮ (ಅರಣ್ಯಕಾಂಡ 8:24–26) ಇಲ್ಲಿ ದೊಡ್ಡ ಸಹಾಯ. ಇಪ್ಪತ್ತೈದು ವರ್ಷಕ್ಕೆ ದೇವದರ್ಶನದ ಗುಡಾರದ ಕೆಲಸಕ್ಕೆ ಸೇರಬೇಕು, ಐವತ್ತಕ್ಕೆ ಆ ಕೆಲಸದಿಂದ ಬಿಡುಗಡೆ. ಆದರೆ ಮನೆಗೆ ಹೋಗಿ ಕುಳಿತುಕೊಳ್ಳಲಿ ಎಂದು ಹೇಳಿಲ್ಲ, ಕಾವಲಿನಲ್ಲಿ ತಮ್ಮ ಸಹೋದರರಿಗೆ ನೆರವಾಗಲಿ ಎಂದಿದೆ. ಹಿರಿಯರು ಹಿಡಿದ ಕೆಲಸ ಬಿಡದಿರಲು ಬಹಳ ಸಲ ಕಾರಣ, ಬಿಟ್ಟ ಮೇಲೆ ತಾವು ಯಾರಿಗೂ ಬೇಡವಾಗುತ್ತೇವೆ ಎಂಬ ಭಯ. ಆದ್ದರಿಂದ ಮುಂದಿನ ಕೆಲಸ ಏನೆಂದು ಮೊದಲು ಹೇಳಿ, ಆಮೇಲೆ ಹಳೆಯದನ್ನು ಕೇಳಿ.

ಹಸ್ತಾಂತರಕ್ಕೆ ಆರು ತಿಂಗಳು ಇಟ್ಟುಕೊಳ್ಳಿ: ಎರಡು ತಿಂಗಳು ಹೊಸಬರು ನೋಡಲಿ, ಎರಡು ತಿಂಗಳು ಇಬ್ಬರೂ ಮಾಡಲಿ, ಎರಡು ತಿಂಗಳು ಹೊಸಬರು ಮಾಡಿ ಹಿರಿಯರನ್ನು ಬೇಕಾದಾಗ ಕೇಳಲಿ. ಅದಾದ ಮೇಲೆ ಹಿರಿಯರು ಒಂದು ತಿಂಗಳು ಆ ಕೆಲಸದ ಕಡೆ ತಲೆ ಹಾಕಬಾರದು, ಇಲ್ಲದಿದ್ದರೆ ಜನ ಪ್ರತಿಯೊಂದಕ್ಕೂ ಅವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಮುಂದಿನ ಕೆಲಸಕ್ಕೇನೂ ಕೊರತೆಯಿಲ್ಲ. ಹೊಸದಾಗಿ ಮದುವೆಯಾದವರ ಜೊತೆ ತಿಂಗಳಿಗೊಮ್ಮೆ ಕೂರುವುದು, ಸಂಡೇ ಸ್ಕೂಲ್ ಶಿಕ್ಷಕರನ್ನು ತಯಾರು ಮಾಡುವುದು, ಬಾಗಿಲಲ್ಲಿ ಹೊಸಬರ ಹೆಸರು ಕೇಳಿ ಮುಂದಿನ ವಾರ ಹೆಸರು ಹಿಡಿದು ಕರೆಯುವುದು, ಇವನ್ನು ಅವರಷ್ಟು ಚೆನ್ನಾಗಿ ಮಾಡುವವರು ಅಪರೂಪ.

ಹಾಸಿಗೆ ಬಿಟ್ಟು ಏಳಲಾಗದವರು ಏನು ಸೇವೆ ಮಾಡಬಲ್ಲರು?

ಪ್ರಾರ್ಥನೆ. ಸಮಾಧಾನಕ್ಕೆ ಹೇಳುವ ಮಾತಿದಲ್ಲ, ಇದನ್ನೂ ಬೇರೆ ಕೆಲಸಗಳ ಹಾಗೆ ವ್ಯವಸ್ಥೆ ಮಾಡಬೇಕು. ವಾರಕ್ಕೆ ಐದೇ ಹೆಸರು, ಪ್ರತಿಯೊಂದರ ಮುಂದೆ ಒಂದು ಸಾಲು ಕಾರಣ, ದಪ್ಪ ಅಕ್ಷರದಲ್ಲಿ ಬರೆದು ತಲುಪಿಸಿ. ಮುಂದಿನ ವಾರ ಹೋದಾಗ ಏನಾಯಿತೆಂದು ಹೇಳಿ. ಆಪರೇಷನ್ ಚೆನ್ನಾಗಿ ಆಯಿತು, ಕೆಲಸ ಸಿಗಲಿಲ್ಲ, ಏನೇ ಆಗಿರಲಿ. ಇದನ್ನು ಹೇಳದೆ ಬಿಟ್ಟರೆ ಪಟ್ಟಿ ಎರಡು ತಿಂಗಳಲ್ಲಿ ಸಾಯುತ್ತದೆ. ಎಂಬತ್ತನಾಲ್ಕರ ವಿಧವೆ, ಪ್ರವಾದಿನಿ ಅನ್ನಳು ಉಪವಾಸ, ಪ್ರಾರ್ಥನೆಗಳಿಂದ ಹಗಲಿರುಳು ಸೇವೆ ಮಾಡುತ್ತಿದ್ದಳೆಂದು ಲೂಕನು ಬರೆಯುತ್ತಾನೆ (ಲೂಕ 2:37).

ಅವರ ಕಡೆಗೆ ಸಭೆಯ ಕರ್ತವ್ಯವೂ ಇದೆ. ಸುಮಾರು ಕ್ರಿ.ಶ. 150ರಲ್ಲಿ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್ ಭಾನುವಾರದ ಆರಾಧನೆಯನ್ನು ವರ್ಣಿಸುವಾಗ, ಬರಲಾಗದವರಿಗೆ ಪ್ರಭುಭೋಜನದ (ಯೇಸುವಿನ ನೆನಪಿಗೆ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸದ) ಪಾಲನ್ನು ಡೀಕನರು (ಸಭೆಯ ಸೇವಕರು) ಒಯ್ದು ಕೊಡುತ್ತಿದ್ದರೆಂದು ಹೇಳುತ್ತಾರೆ.

ಮರೆವಿನ ಕಾಯಿಲೆಯವರನ್ನು "ನಾನು ಯಾರು ಗೊತ್ತಾಯ್ತಾ?" ಎಂದು ಪರೀಕ್ಷಿಸಬೇಡಿ, ನಿಮ್ಮ ಹೆಸರು ನೀವೇ ಹೇಳಿ. ಹೆಸರುಗಳು ಮರೆತ ಮೇಲೂ ಚಿಕ್ಕಂದಿನ ಕೀರ್ತನೆ, ಕರ್ತನು ಕಲಿಸಿದ ಪ್ರಾರ್ಥನೆ ಎಷ್ಟೋ ಜನರಲ್ಲಿ ಉಳಿದಿರುತ್ತವೆ, ಜೊತೆಗೂಡಿ ಹಾಡಿ. ಅವರನ್ನು ನೋಡಿಕೊಳ್ಳುವವರಿಗೆ ವಾರಕ್ಕೆ ಎರಡು ಗಂಟೆ ಹೊರಗೆ ಹೋಗಿ ಬರಲು ಬಿಡುವು ಮಾಡಿಕೊಡಿ.

ಜೀವನವಿಡೀ ಕೊಟ್ಟವಳು ನಾನು. ಈಗ ಬೇರೆಯವರಿಂದ ಸಹಾಯ ತೆಗೆದುಕೊಳ್ಳಲು ಮುಜುಗರ.

ಪೇತ್ರನಿಗೂ ಹಾಗೇ ಆಗಿತ್ತು. ನನ್ನ ಕಾಲು ನೀನು ಎಂದಿಗೂ ತೊಳೆಯಕೂಡದು ಎಂದವನಿಗೆ, ತೊಳೆಯದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಎಂದು ಯೇಸು ಉತ್ತರಿಸಿದನು (ಯೋಹಾನ 13:8). ಚಿಕ್ಕದರಿಂದ ಶುರುಮಾಡಿ: ಔಷಧಿ ತಂದುಕೊಡು, ಈ ಬಲ್ಬ್ ಬದಲಾಯಿಸು, ಈ ಕಾಗದ ಓದಿ ಹೇಳು. ಕೇಳಿಸಿಕೊಂಡ ಹುಡುಗನಿಗೆ ಸೇವೆ ಕಲಿಯುವ ಮೊದಲ ಅವಕಾಶ ಕೊಟ್ಟವರು ನೀವಾಗುತ್ತೀರಿ. ತಂದುಕೊಟ್ಟದ್ದಕ್ಕೆ ಕೂಡಲೇ ಏನಾದರೂ ತಿರುಗಿ ಕೊಡಲು ಹೋಗಬೇಡಿ.

ಸೇವೆ ಮಾಡಿದವರಿಗೆ ಸನ್ಮಾನ ಮಾಡಬಹುದೇ?

ಹಾರ, ಶಾಲು ಬೇಡ, ಕೃತಜ್ಞತೆ ಬೇಕೇ ಬೇಕು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ನೆನೆಯುತ್ತಾನೆ, ಹಲವರು ಮಾಡಿದ್ದೇನೆಂದೂ ಹೇಳುತ್ತಾನೆ. ಹಾಗೆಯೇ ಹೇಳಿ: "ಮಳೆಯಲ್ಲೂ ಬೇಗ ಬಂದು ಬೀಗ ತೆಗೆದಿರಿ, ಯಾರೂ ಹೊರಗೆ ನಿಲ್ಲಲಿಲ್ಲ."

ನಮ್ಮ ಸಭೆಯಲ್ಲಿ ಇದ್ಯಾವುದೂ ಇಲ್ಲ. ಎಲ್ಲಿಂದ ಶುರುಮಾಡುವುದು?

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮಕ್ಕಳ ಸುರಕ್ಷೆಯ ನಿಯಮ ಈ ಭಾನುವಾರವೇ ಜಾರಿಗೆ ಬರಲಿ, ಅದಕ್ಕೆ ಕಾಯುವಂತಿಲ್ಲ. ಉಳಿದದ್ದರಲ್ಲಿ ಮೂರು ತಿಂಗಳಿಗೆ ಒಂದನ್ನು ಆರಿಸಿಕೊಳ್ಳಿ. ಹೆಚ್ಚಿನ ಕಡೆ ಮೊದಲು ಬೇಕಾಗುವುದು ಆರಾಧನೆಗೆ ಬರಲಾಗದವರ ಪಟ್ಟಿ. ಇಬ್ಬರು ಕುಳಿತು ಅದನ್ನು ಬರೆಯಿರಿ. ಪ್ರತಿ ಹೆಸರಿನ ಪಕ್ಕದಲ್ಲಿ ಕೊನೆಯ ಸಲ ಯಾರು ಯಾವಾಗ ಹೋಗಿದ್ದರು ಎಂದು ತುಂಬಿಸಿ, ಆ ಜಾಗ ಖಾಲಿ ಉಳಿದವರ ಮನೆಗೆ ಈ ವಾರ ಫೋನ್ ಮಾಡಿ.